ಕೋಬಿ ಆಡಿದ ಮಾತು, ಡ್ವೈಟ್ ಹಿಡಿದ ದಾರಿ

ಗೆಲ್ಲುವುದು ಹೇಗೆಂದು ನೀನು ಮೊದಲು ಕಲಿಯಬೇಕು, ಇಲ್ಲೇ ಇದ್ದರೆ ನಾನು ಕಲಿಸುತ್ತೇನೆ. 2013ರ ಜುಲೈ ಮೊದಲ ವಾರ ಲಾಸ್ ಏಂಜಲೀಸ್‌ನಲ್ಲಿ ನಡೆದ ಸಭೆಯೊಂದರಲ್ಲಿ ಬ್ಯಾಸ್ಕೆಟ್‌ಬಾಲ್ ತಾರೆ ಕೋಬಿ ಬ್ರಯಾಂಟ್ ಈ ಅರ್ಥದ ಮಾತನ್ನು ತಂಡದ ಜೊತೆಗಾರ ಡ್ವೈಟ್ ಹೋವರ್ಡ್‌ಗೆ ಹೇಳಿದರೆಂದು ಅಮೆರಿಕದ ಪತ್ರಕರ್ತರು ಆಮೇಲೆ ಬರೆದರು. ಕೆಲವೇ ದಿನಗಳಲ್ಲಿ ಹೋವರ್ಡ್ ಲೇಕರ್ಸ್ ತಂಡ ಬಿಟ್ಟು ಹ್ಯೂಸ್ಟನ್ ರಾಕೆಟ್ಸ್ ಸೇರುವುದಾಗಿ ತಿಳಿಸಿದರು. ಅಲ್ಲಿಂದ ಶುರುವಾದ ವಾದ ಇನ್ನೂ ಮುಗಿದಿಲ್ಲ. ಕೋಬಿಯ ಗತ್ತಿನಿಂದ ತಂಡವೇ ಹಾಳಾಯಿತು ಎನ್ನುವ ಅಭಿಮಾನಿಗಳು ಒಂದು ಕಡೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು ತಪ್ಪೇ, ಅಷ್ಟು ಮಾತು ತಡೆದುಕೊಳ್ಳಲಾರದವರು ಹೋದದ್ದೇ ಒಳ್ಳೆಯದು ಎನ್ನುವವರು ಇನ್ನೊಂದು ಕಡೆ. ಎರಡೂ ಕಡೆಯ ಮಾತಿನಲ್ಲಿ ಹುರುಳಿದೆ. ಆದರೆ ಎರಡೂ ಕಡೆಯವರು ತಮಗೆ ಬೇಡವಾದ ಸಂಗತಿಗಳನ್ನು ಬದಿಗಿಟ್ಟು ತೂಗುತ್ತಾರೆ ಎಂಬುದು ನನ್ನ ತಕರಾರು.

ಇಂಥ ಸಭೆ ಯಾಕೆ ನಡೆಯುತ್ತದೆ ಎಂಬುದನ್ನು ಮೊದಲು ಹೇಳಬೇಕು. ನಮ್ಮ ಐಪಿಎಲ್ ಹರಾಜಿನಲ್ಲಿ ಆಟಗಾರನ ಹೆಸರು ಕೂಗುತ್ತಾರೆ, ಹೆಚ್ಚು ಹಣ ಕೂಗಿದ ತಂಡಕ್ಕೆ ಅವನು ಹೋಗುತ್ತಾನೆ. ಯಾವ ತಂಡ ಬೇಕೆಂದು ಅವನನ್ನು ಯಾರೂ ಕೇಳುವುದಿಲ್ಲ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಕರಾರು ಮುಗಿದ ಆಟಗಾರ ಫ್ರೀ ಏಜೆಂಟ್ ಆಗುತ್ತಾನೆ. ದೊಡ್ಡ ಆಟಗಾರರ ಸಂಬಳಕ್ಕೆ ಲೀಗೇ ಮೇಲ್ಮಿತಿ ಹಾಕಿರುವುದರಿಂದ ಬೇರೆ ಬೇರೆ ತಂಡಗಳು ಮೊದಲ ವರ್ಷಕ್ಕೆ ಕೊಡಬಹುದಾದ ಹಣ ಒಂದೇ. ಆದ್ದರಿಂದ ತಂಡಗಳು ಅವನೆದುರು ಕೂತು ಮಾತಿನಿಂದಲೇ ಒಲಿಸಬೇಕಾಗುತ್ತದೆ. ಮಾಲೀಕರು, ಕೋಚ್, ಹಳೆಯ ದಿಗ್ಗಜರು, ಈಗಿನ ನಾಯಕ, ಎಲ್ಲರೂ ಬರುತ್ತಾರೆ. ಆಟಗಾರನನ್ನು ಈಗಾಗಲೇ ಇಟ್ಟುಕೊಂಡಿರುವ ತಂಡಕ್ಕೆ ಆಗಿನ ನಿಯಮದಲ್ಲಿ ಒಂದು ಅನುಕೂಲ ಇತ್ತು: ಐದು ವರ್ಷದ ಕರಾರು, ವರ್ಷಕ್ಕೆ ಶೇ 7.5ರ ಏರಿಕೆ. ಉಳಿದವರು ಕೊಡಬಹುದಾದದ್ದು ನಾಲ್ಕು ವರ್ಷ, ಶೇ 4.5ರ ಏರಿಕೆ. ಲೇಕರ್ಸ್ ಹೋವರ್ಡ್‌ಗೆ ಐದು ವರ್ಷಕ್ಕೆ ಸುಮಾರು 118 ಮಿಲಿಯನ್ ಡಾಲರ್ ಕೊಡಬಹುದಿತ್ತು. ರಾಕೆಟ್ಸ್ ಕೊಟ್ಟದ್ದು ನಾಲ್ಕು ವರ್ಷಕ್ಕೆ ಸುಮಾರು 88 ಮಿಲಿಯನ್.

ಆ ಸಭೆಗೆ ಬರುವ ಹೊತ್ತಿಗೆ ಇಬ್ಬರ ನಡುವೆ ಒಂದು ಇಡೀ ವರ್ಷದ ಕಹಿ ಕೂಡಿಕೊಂಡಿತ್ತು. ಹೋವರ್ಡ್ ಲೇಕರ್ಸ್‌ಗೆ ಬಂದದ್ದು 2012ರ ಆಗಸ್ಟ್‌ನಲ್ಲಿ, ನಾಲ್ಕು ತಂಡಗಳು ಸೇರಿ ಮಾಡಿಕೊಂಡ ದೊಡ್ಡ ವಿನಿಮಯದಲ್ಲಿ. ಆಗ ಅವರಿಗೆ 26 ವರ್ಷ. 2009ರಿಂದ 2011ರವರೆಗೆ ಸತತ ಮೂರು ಸಲ ಲೀಗಿನ ಅತ್ಯುತ್ತಮ ರಕ್ಷಣಾ ಆಟಗಾರ ಎನಿಸಿಕೊಂಡಿದ್ದವರು. 2009ರಲ್ಲಿ ಆರ್ಲ್ಯಾಂಡೊ ಮ್ಯಾಜಿಕ್ ತಂಡವನ್ನು ಫೈನಲ್‌ಗೆ ಕೊಂಡೊಯ್ದಿದ್ದರು. ಅಲ್ಲಿ ಅವರನ್ನು 4-1ರಿಂದ ಸೋಲಿಸಿದ್ದು ಕೋಬಿಯ ಲೇಕರ್ಸೇ. 2012ರ ಅದೇ ಬೇಸಿಗೆಯಲ್ಲಿ ಸ್ಟೀವ್ ನ್ಯಾಶ್ ಕೂಡ ಬಂದರು, ಪಾವ್ ಗ್ಯಾಸೋಲ್ ಮೊದಲೇ ಇದ್ದರು. ನಾಲ್ವರ ಹೆಸರು ಒಟ್ಟಿಗೆ ಓದಿದರೇ ಸಾಕಿತ್ತು, ಟ್ರೋಫಿ ಮನೆಗೆ ಬಂತೆಂದು ಅಭಿಮಾನಿಗಳು ಲೆಕ್ಕ ಹಾಕಿಬಿಟ್ಟರು.

ಆದದ್ದೇ ಬೇರೆ. ಎರಡನೇ ಪಂದ್ಯದಲ್ಲೇ ನ್ಯಾಶ್ ಕಾಲಿನ ಮೂಳೆ ಮುರಿಯಿತು. ಮೊದಲ ಐದು ಪಂದ್ಯಗಳಲ್ಲಿ ನಾಲ್ಕು ಸೋತ ಕೂಡಲೇ ಕೋಚ್ ಮೈಕ್ ಬ್ರೌನ್‌ರನ್ನು ಮನೆಗೆ ಕಳಿಸಲಾಯಿತು. ತವರು ಅಂಗಣ ಸ್ಟೇಪಲ್ಸ್ ಸೆಂಟರ್‌ನ ಪ್ರೇಕ್ಷಕರು ತಂಡದ ಹಳೆಯ ಕೋಚ್ ಫಿಲ್ ಜಾಕ್ಸನ್ ಹೆಸರು ಕೂಗುತ್ತಿರುವಾಗ ಆಡಳಿತ ಮೈಕ್ ಡಿ'ಆಂಟೋನಿಯನ್ನು ತಂದು ಕೂರಿಸಿತು. ಫೆಬ್ರವರಿಯಲ್ಲಿ ತಂಡದ ಮಾಲೀಕ ಜೆರಿ ಬಸ್ ತೀರಿಕೊಂಡರು. ಏಪ್ರಿಲ್ 12ರಂದು ಕೋಬಿಯ ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಹರಿಯಿತು. ಹರಿದ ಕಾಲಿನಲ್ಲೇ ನಿಂತು ಅವರು ಎರಡು ಫ್ರೀ ಥ್ರೋ ಹಾಕಿ ನಡೆದುಹೋದರು. 45 ಗೆಲುವು, 37 ಸೋಲಿನೊಂದಿಗೆ ಪ್ಲೇಆಫ್ ತಲುಪಿದ ತಂಡವನ್ನು ಸ್ಪರ್ಸ್ 4-0ರಿಂದ ಗುಡಿಸಿಹಾಕಿತು. ಕೊನೆಯ ಪಂದ್ಯದಲ್ಲಿ ಹೋವರ್ಡ್‌ರನ್ನು ರೆಫರಿ ಹೊರಗೆ ಕಳಿಸಿದರು. ಅವರು ಒಳಗೆ ಹೋದ ಸ್ವಲ್ಪ ಹೊತ್ತಿಗೆ ಕೋಬಿ ಊರುಗೋಲು ಹಿಡಿದು ಬಂದು ತಂಡದ ಬೆಂಚಿನ ಹಿಂದೆ ಕೂತರು. ಅಭಿಮಾನಿಗಳ ಮನಸ್ಸಿನಲ್ಲಿ ಇಬ್ಬರ ಚಿತ್ರವೂ ಅಂದೇ ನಿಂತುಹೋಯಿತು, ಮುಂದಿನ ವಾದವೆಲ್ಲ ಆ ಚಿತ್ರದ ನೆರಳಿನಲ್ಲೇ ನಡೆಯಿತು.

ಕೋಬಿಯನ್ನು ದೂರುವವರ ಮಾತು ಕೇಳೋಣ. ಅವರ ಮೊದಲ ಆಕ್ಷೇಪ ಮಾತಿನ ಧಾಟಿಗೆ. ಮೂರು ಸಲ ಅತ್ಯುತ್ತಮ ರಕ್ಷಣಾ ಆಟಗಾರನಾದವರಿಗೆ, ಒಂದು ತಂಡವನ್ನು ತನ್ನ ಹೆಗಲ ಮೇಲೆ ಫೈನಲ್‌ಗೆ ಹೊತ್ತವರಿಗೆ, ನೀನಿನ್ನೂ ಕಲಿಯಬೇಕು ಎನ್ನುವುದು ಕರೆಯುವ ರೀತಿಯೇ? ಉಳಿದ ತಂಡಗಳು ಬಂದದ್ದು ಹೇಗೆ ನೋಡಿ. ರಾಕೆಟ್ಸ್ ಪರವಾಗಿ ಬಂದದ್ದು ಕೋಚ್ ಕೆವಿನ್ ಮೆಕ್‌ಹೇಲ್, ಯುವ ತಾರೆ ಜೇಮ್ಸ್ ಹಾರ್ಡನ್, ಜೊತೆಗೆ ಹಕೀಮ್ ಒಲಾಜುವಾನ್. ಒಲಾಜುವಾನ್ ಅಂದರೆ ಸೆಂಟರ್ ಜಾಗದಲ್ಲಿ ಆಡಿದವರಲ್ಲಿ ಸಾರ್ವಕಾಲಿಕ ಶ್ರೇಷ್ಠರ ಸಾಲಿನವರು, 1994 ಮತ್ತು 1995ರಲ್ಲಿ ಹ್ಯೂಸ್ಟನ್‌ಗೆ ಎರಡು ಪ್ರಶಸ್ತಿ ತಂದವರು. ಕಲಿಸುವ ಮಾತು ಅವರ ಬಾಯಿಂದಲೂ ಬರುತ್ತಿತ್ತು, ಆದರೆ ಅವರು ಹೋವರ್ಡ್ ಆಡುವ ಜಾಗದಲ್ಲೇ ಆಡಿದ್ದವರು, ಚೆಂಡಿಗಾಗಿ ಅವರೊಡನೆ ಪೈಪೋಟಿಗೆ ನಿಲ್ಲುವವರಲ್ಲ. ಗುರು ಎದುರಾಳಿಯಾಗಿರದಿದ್ದಾಗ ಪಾಠ ಸುಲಭವಾಗಿ ಇಳಿಯುತ್ತದೆ ಎಂಬ ಈ ವಾದ ನನಗೆ ಗಟ್ಟಿಯಾಗಿಯೇ ಕಾಣುತ್ತದೆ.

ಎರಡನೆಯದು ಇನ್ನೂ ಆಳದ್ದು. ಲೇಕರ್ಸ್‌ನಲ್ಲಿದ್ದ ಆ ವರ್ಷ ಹೋವರ್ಡ್ ಬೆನ್ನಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದು, ನಡುವೆ ಭುಜದೊಳಗಿನ ಪದರವೂ ಹರಿದುಕೊಂಡು, 76 ಪಂದ್ಯ ಆಡಿದ್ದರು. ಲೀಗಿನಲ್ಲೇ ಅತಿ ಹೆಚ್ಚು ಸರಾಸರಿ ರೀಬೌಂಡ್ ಅವರದೇ, ಪಂದ್ಯಕ್ಕೆ 12.4. ಹೀಗಿರುವಾಗ ಫೆಬ್ರವರಿಯಲ್ಲಿ ಗ್ಯಾಸೋಲ್ ಗಾಯಗೊಂಡ ಕೂಡಲೇ ಕೋಬಿ ಪತ್ರಕರ್ತರ ಮುಂದೆ, ಹೋವರ್ಡ್‌ರ ಭುಜ ವಾಸಿಯಾಗಲಿ ಎಂದು ಕಾಯುತ್ತ ಕೂರಲು ನಮಗೆ ಸಮಯವಿಲ್ಲ ಎಂಬರ್ಥದ ಮಾತಾಡಿದರು. ನೋವಿನಲ್ಲಿ ಆಡುತ್ತಿರುವ ಜೊತೆಗಾರನ ಬಗ್ಗೆ ಊರಿಗೆಲ್ಲ ಕೇಳುವಂತೆ ಆಡಿದ ಮಾತು ಅದು. ಜುಲೈ ಸಭೆಯಲ್ಲಿ ಹೋವರ್ಡ್ ಈ ವಿಷಯವನ್ನೇ ಎತ್ತಿದರೆಂದು ವರದಿಯಾಯಿತು: ವರ್ಷವಿಡೀ ನನ್ನನ್ನು ಬೈಯುವಾಗ ನೀವ್ಯಾರೂ ಯಾಕೆ ನನ್ನ ಪರ ನಿಲ್ಲಲಿಲ್ಲ? ಆ ಪ್ರಶ್ನೆಗೆ ಸಿಕ್ಕ ಉತ್ತರವೇ ಕಲಿಯಬೇಕು, ಕಲಿಸುತ್ತೇನೆ ಎಂಬುದು. ಕೇಳಿದ್ದು ಒಂದು, ಹೇಳಿದ್ದು ಇನ್ನೊಂದು. ಕೋಬಿಯನ್ನು ದೂರುವವರ ಅತ್ಯಂತ ಬಲವಾದ ಮಾತು ಇದು ಎಂದು ನಾನು ತಿಳಿಯುತ್ತೇನೆ. ಕೋಬಿ ಸಭೆಗೆ ಅಭ್ಯಾಸದ ಚಡ್ಡಿಯಲ್ಲೇ ಬಂದಿದ್ದರಂತೆ ಎಂಬ ವರದಿಯನ್ನು ಹಲವರು ದೊಡ್ಡದು ಮಾಡುತ್ತಾರೆ. ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳೂ ಆಗದ ಮನುಷ್ಯ ಏನು ತೊಟ್ಟಿದ್ದ ಎಂಬುದಕ್ಕೆ ನಾನು ಬೆಲೆ ಕೊಡುವುದಿಲ್ಲ.

ಇನ್ನು ಕೋಬಿಯ ಪರ ನಿಲ್ಲುವವರು. ಇವರು ಬರೀ ಭಕ್ತರಲ್ಲ, ಇವರ ಬಳಿಯೂ ಲೆಕ್ಕವಿದೆ. ಕೋಬಿ ಐದು ಚಾಂಪಿಯನ್‌ಶಿಪ್ ಗೆದ್ದವರು. 17 ವರ್ಷ ಒಂದೇ ತಂಡದಲ್ಲಿದ್ದವರು. ಹೋವರ್ಡ್ ಆ ವರ್ಷ ಹಾಕಿದ ಫ್ರೀ ಥ್ರೋಗಳಲ್ಲಿ ಅರ್ಧದಷ್ಟೂ ಒಳಗೆ ಬಿದ್ದಿರಲಿಲ್ಲ, ಶೇ 49.2. ಕಲಿಯಬೇಕಾದದ್ದು ಇತ್ತೇ ಇಲ್ಲವೇ? ಅದಕ್ಕಿಂತ ಮುಖ್ಯವಾಗಿ, ಆರ್ಲ್ಯಾಂಡೊ ಬಿಟ್ಟು ಬಂದ ರೀತಿ ಎಲ್ಲರಿಗೂ ನೆನಪಿತ್ತು. 2012ರ ಮಾರ್ಚ್‌ನಲ್ಲಿ ಇನ್ನೊಂದು ವರ್ಷ ಇರುತ್ತೇನೆಂದು ಸಹಿ ಹಾಕಿದರು, ಬೇಸಿಗೆಯಲ್ಲಿ ಮತ್ತೆ ಹೊರಗೆ ಕಳಿಸಿ ಎಂದರು. ನಡುವೆ ಏಪ್ರಿಲ್‌ನಲ್ಲಿ ಕೋಚ್ ಸ್ಟ್ಯಾನ್ ವ್ಯಾನ್ ಗಂಡಿ, ಹೋವರ್ಡ್ ನನ್ನನ್ನು ತೆಗೆಯಲು ಹೇಳಿದ್ದಾರೆಂದು ಆಡಳಿತದ ಮೇಲಿನವರೇ ತಿಳಿಸಿದರು ಎಂದು ಪತ್ರಕರ್ತರಿಗೆ ಹೇಳುತ್ತಿದ್ದಾಗಲೇ, ಅದರ ಅರಿವಿಲ್ಲದ ಹೋವರ್ಡ್ ನಗುತ್ತ ಬಂದು ಕೋಚ್ ಹೆಗಲ ಮೇಲೆ ಕೈ ಹಾಕಿದ ದೃಶ್ಯ ಕ್ಯಾಮೆರಾದಲ್ಲಿ ಉಳಿದಿದೆ. ಇಂಥ ಆಟಗಾರನನ್ನು ಸಿಹಿಮಾತಿನಿಂದ ಉಳಿಸಿಕೊಂಡರೆ ಮುಂದೆ ಇನ್ನೊಂದು ಆರ್ಲ್ಯಾಂಡೊ ಆಗುವುದಿಲ್ಲ ಎಂಬುದಕ್ಕೆ ಏನು ಖಾತ್ರಿ, ಎಂದು ಇವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ.

ಸಿಹಿಮಾತಿಗೆ ಲೇಕರ್ಸ್ ಕಡೆಯಲ್ಲೂ ಕೊರತೆ ಇರಲಿಲ್ಲ ಎಂಬುದನ್ನು ಇವರು ನೆನಪಿಸುತ್ತಾರೆ. ಊರ ತುಂಬ ಹೋವರ್ಡ್ ಚಿತ್ರದ ಫಲಕಗಳು ಎದ್ದಿದ್ದವು, ಮೇಲೆ ದೊಡ್ಡಕ್ಷರದಲ್ಲಿ ಒಂದೇ ಪದ: ಸ್ಟೇ. ನ್ಯಾಶ್, ಇನ್ನು 20 ವರ್ಷಕ್ಕೆ ಸ್ಟೇಪಲ್ಸ್ ಸೆಂಟರ್ ಹೊರಗೆ ನಿನ್ನ ಪ್ರತಿಮೆ ನಿಲ್ಲಿಸುತ್ತೇವೆ ಎಂದು ಟ್ವೀಟ್ ಮಾಡಿದ್ದರು. ಮ್ಯಾಜಿಕ್ ಜಾನ್ಸನ್, ಕರೀಮ್ ಅಬ್ದುಲ್ ಜಬ್ಬಾರ್ ಆಡಿದ ತಂಡ ಒಬ್ಬ ಆಟಗಾರನ ಮುಂದೆ ಹೀಗೆ ಬೇಡಿಕೊಳ್ಳುವುದೇ ಎಂದು ಹಳೆಯ ಅಭಿಮಾನಿಗಳು ಮುಖ ಸಿಂಡರಿಸಿದ್ದರು. ಆ ಗದ್ದಲದಲ್ಲಿ ನಿಜ ಹೇಳಿದವರು ಕೋಬಿ ಒಬ್ಬರೇ ಎಂಬುದು ಈ ಪಕ್ಷದ ನಿಲುವು. ಉಳಿದರೆ ನಾಳೆಯಿಂದ ನಿನ್ನ ದಿನಗಳು ಹೇಗಿರುತ್ತವೆ ಎಂಬುದನ್ನು ಅವರು ಮುಚ್ಚಿಡಲಿಲ್ಲ. ಐದು ವರ್ಷಕ್ಕೆ ಸಹಿ ಹಾಕಲಿರುವ ಮನುಷ್ಯನಿಗೆ ಇದಕ್ಕಿಂತ ಉಪಯೋಗದ ಮಾಹಿತಿ ಬೇರೆ ಯಾವುದಿತ್ತು?

ಈ ಪ್ರಶ್ನೆ ನನ್ನನ್ನು ಬಹಳ ಕಾಡಿದೆ. ಒಲಿಸುವ ಮಾತಿನ ಕೆಲಸ ಏನು? ಹೇಗಾದರೂ ಸಹಿ ಹಾಕಿಸುವುದೇ, ಅಥವಾ ಮುಂದಿನ ವರ್ಷಗಳನ್ನು ಇದ್ದ ಹಾಗೆ ತೋರಿಸುವುದೇ? ತಂಡದ ಲಾಭದಿಂದ ನೋಡಿದರೆ ಮೊದಲನೆಯದು. ಆಟಗಾರನ ಬದುಕಿನಿಂದ ನೋಡಿದರೆ ಎರಡನೆಯದು. ಕೋಬಿಯ ಮಾತು ಮೊದಲ ಕೆಲಸದಲ್ಲಿ ಸೋತಿತು, ಎರಡನೆಯದನ್ನು ಮಾಡಿತು. ಹೀಗಾಗಿ ಅಭಿಮಾನಿಗಳ ವಾದ ಒಂದು ನೆಲೆಗೆ ಬರುವುದೇ ಇಲ್ಲ: ದೂರುವವರು ತಂಡದ ಕಡೆಯಿಂದ ಅಳೆಯುತ್ತಾರೆ, ಸಮರ್ಥಿಸುವವರು ಸತ್ಯದ ಕಡೆಯಿಂದ.

ಆದರೆ ಸತ್ಯವನ್ನೂ ಪೂರ್ತಿ ಹೇಳಿದರೇ ಎಂದು ಕೇಳಬೇಕಾಗುತ್ತದೆ. ಹೋವರ್ಡ್‌ಗೆ ತಿಳಿಯಬೇಕಿದ್ದದ್ದು ತಂಡ ಯಾವಾಗ ತನ್ನದಾಗುತ್ತದೆ ಎಂಬುದು. ಕೋಬಿಗೆ ಆಗ 34, ಆಗಸ್ಟ್ ಬಂದರೆ 35. ಅಕಿಲಿಸ್ ಹರಿದ ಮೇಲೆ ಆ ವಯಸ್ಸಿನಲ್ಲಿ ಹಳೆಯ ಹಾಗೆ ಆಡಿದವರು ವಿರಳ. 2013-14ಕ್ಕೆ ಅವರ ಸಂಬಳ 30.45 ಮಿಲಿಯನ್ ಡಾಲರ್, ಆ ವರ್ಷ ಒಂದು ಇಡೀ ತಂಡಕ್ಕೆ ಲೀಗ್ ಹಾಕಿದ್ದ ಸಂಬಳ ಮಿತಿ ಸುಮಾರು 58.7 ಮಿಲಿಯನ್. ಅರ್ಧಕ್ಕಿಂತ ಹೆಚ್ಚು ಒಬ್ಬರಿಗೇ. ಆ ಕರಾರು 2014ಕ್ಕೆ ಮುಗಿಯುತ್ತಿತ್ತು. ಮುಗಿದ ಮೇಲೆ ಕೋಬಿ ಎಷ್ಟು ಕೇಳುತ್ತಾರೆ, ಉಳಿದ ಹಣದಲ್ಲಿ ಯಾರು ಬರುತ್ತಾರೆ, ಆಟ ಯಾರ ಸುತ್ತ ಕಟ್ಟುತ್ತದೆ? ಇವುಗಳಿಗೆ ಉತ್ತರ ಕೋಬಿಯ ಕೈಯಲ್ಲಿ ಅರ್ಧ ಮಾತ್ರ ಇತ್ತು. ಉಳಿದರ್ಧ ಆಡಳಿತದ್ದು. 2013ರ ನವೆಂಬರ್‌ನಲ್ಲಿ, ಗಾಯದಿಂದ ಎದ್ದು ಒಂದೂ ಪಂದ್ಯ ಆಡುವ ಮೊದಲೇ, ಲೇಕರ್ಸ್ ಅವರಿಗೆ ಇನ್ನೆರಡು ವರ್ಷಕ್ಕೆ 48.5 ಮಿಲಿಯನ್ ಕೊಟ್ಟಿತು. ಹೋವರ್ಡ್ ಉಳಿದಿದ್ದರೆ ತಂಡ ಅವರ ಕೈಗೆ ಬರುವುದು ಇನ್ನೂ ದೂರವೇ ಇತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹೋವರ್ಡ್‌ರನ್ನು ಹೇಡಿ ಎಂದು ಕರೆದವರೊಡನೆಯೂ ನನಗೆ ಜಗಳವಿದೆ. ದೊಡ್ಡ ವೇದಿಕೆಗೆ ಹೆದರಿ ಓಡಿದರು ಎಂಬ ಮಾತು ಆ ಬೇಸಿಗೆಯಲ್ಲಿ ಮನೆಮಾತಾಗಿತ್ತು. ಸುಮಾರು 30 ಮಿಲಿಯನ್ ಡಾಲರ್ ಬಿಟ್ಟು ಹೋದವರನ್ನು ಕನಿಷ್ಠ ಹಣದಾಸೆಯವರು ಎನ್ನಲಾಗದು. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಕ್ಯಾಲಿಫೋರ್ನಿಯಾದಲ್ಲಿ ಶ್ರೀಮಂತರಿಗೆ ಅದು ಶೇ 13.3ರವರೆಗೆ ಏರುತ್ತದೆ. ಐದನೇ ವರ್ಷದ ಹಣ ಬೇರೆ ಕಡೆಯಿಂದ ಬಂದೇ ಬರುತ್ತಿತ್ತು. ಅದನ್ನೆಲ್ಲ ಕಳೆದರೂ ಖಚಿತವಾಗಿ ಕೈಗೆ ಬರುವುದನ್ನು ಅವರು ಬಿಟ್ಟದ್ದು ನಿಜ. ಮತ್ತೆ, ಬಿಟ್ಟುಹೋಗುವ ಹಕ್ಕನ್ನು ಕೋಬಿ ತಾವೇ ಚಲಾಯಿಸಿರಲಿಲ್ಲವೇ? 2004ರಲ್ಲಿ ಫ್ರೀ ಏಜೆಂಟ್ ಆಗಿದ್ದಾಗ ಅದೇ ಊರಿನ ಕ್ಲಿಪ್ಪರ್ಸ್ ಜೊತೆ ಮಾತಾಡಿದ್ದರು. ಜೊತೆಗಾರ ಶಕೀಲ್ ಓನೀಲ್‌ರನ್ನು ಮಯಾಮಿಗೆ ಕಳಿಸಿದ ಮರುದಿನ ಲೇಕರ್ಸ್‌ನಲ್ಲೇ ಉಳಿಯುವುದಾಗಿ ಸಹಿ ಹಾಕಿದರು. 2007ರಲ್ಲಿ ನನ್ನನ್ನು ಬೇರೆ ತಂಡಕ್ಕೆ ಕಳಿಸಿ ಎಂದು ಬಹಿರಂಗವಾಗಿ ಕೇಳಿದರು. ಕೋಬಿಯಲ್ಲಿ ಗೆಲುವಿನ ಹಸಿವು ಎನಿಸಿಕೊಂಡದ್ದು ಹೋವರ್ಡ್‌ರಲ್ಲಿ ಚಂಚಲತೆ ಎನಿಸಿಕೊಂಡಿತು. ಒಬ್ಬರು ಗೆದ್ದು ತೋರಿಸಿದರು, ಇನ್ನೊಬ್ಬರಿಗೆ ಆಗಲಿಲ್ಲ ಎಂಬ ವ್ಯತ್ಯಾಸವನ್ನು ಒಪ್ಪೋಣ. ಆದರೆ ಹಕ್ಕು ಗೆದ್ದವರಿಗೆ ಮಾತ್ರ ಸೇರಿದ್ದಲ್ಲ.

ಹಿರಿಯ ಆಟಗಾರನ ಕರೆ ಬೇರೆ ರೀತಿಯಲ್ಲೂ ಇರಬಹುದು ಎಂಬುದಕ್ಕೆ 2016ರ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ. ಗೋಲ್ಡನ್ ಸ್ಟೇಟ್ ವಾರಿಯರ್ಸ್‌ನ ಸ್ಟೆಫೆನ್ ಕರಿ, ಡ್ರೇಮಂಡ್ ಗ್ರೀನ್, ಕ್ಲೇ ಥಾಂಪ್ಸನ್, ಆಂಡ್ರೆ ಇಗ್ವೊಡಾಲ ನಾಲ್ವರೂ ನ್ಯೂಯಾರ್ಕ್ ಬಳಿಯ ಹ್ಯಾಂಪ್ಟನ್ಸ್‌ಗೆ ಹೋಗಿ ಕೆವಿನ್ ಡ್ಯುರಾಂಟ್ ಎದುರು ಕೂತರು. ತಂಡದ ಮುಖ ಯಾರೆಂಬುದು ತನಗೆ ಮುಖ್ಯವಲ್ಲ ಎಂದು ಕರಿ ಸಂದೇಶ ಕಳಿಸಿದ್ದರೆಂದು ವರದಿಯಾಯಿತು. ಡ್ಯುರಾಂಟ್ ಬಂದರು. 2017, 2018ರಲ್ಲಿ ಪ್ರಶಸ್ತಿಯೂ ಬಂತು. ಕೋಬಿ ಕಲಿಯಬೇಕಿದ್ದದ್ದು ಇದನ್ನೇ ಎನ್ನುತ್ತಾರೆ ದೂರುವವರು. ಆದರೆ ಕತೆ ಅಲ್ಲಿಗೆ ನಿಲ್ಲುವುದಿಲ್ಲ. 2018ರ ನವೆಂಬರ್‌ನಲ್ಲಿ ಕ್ಲಿಪ್ಪರ್ಸ್ ವಿರುದ್ಧದ ಪಂದ್ಯದಲ್ಲಿ, ಡ್ಯುರಾಂಟ್‌ರನ್ನು ಕರೆತರಲು ಎಲ್ಲರಿಗಿಂತ ಹೆಚ್ಚು ಓಡಾಡಿದ್ದ ಗ್ರೀನ್ ಅವರೇ ಅವರ ಮೇಲೆ ಹರಿಹಾಯ್ದರು, ತಂಡ ಗ್ರೀನ್‌ರನ್ನು ಒಂದು ಪಂದ್ಯ ಹೊರಗಿಟ್ಟಿತು. ಮರುವರ್ಷ ಡ್ಯುರಾಂಟ್ ಹೊರಟುಹೋದರು. ಕರೆಯುವಾಗ ಹೇಳದೆ ಉಳಿದದ್ದು ಮೂರನೇ ವರ್ಷ ಹೊರಬಂತು. ಎರಡು ಟ್ರೋಫಿಯ ಮುಂದೆ ಅದೇನು ದೊಡ್ಡದಲ್ಲ ಎಂದರೆ ನಾನು ಇಲ್ಲವೆನ್ನುವುದಿಲ್ಲ.

ಹ್ಯೂಸ್ಟನ್‌ನಲ್ಲಿ ಹೋವರ್ಡ್‌ಗೆ ಮೂರು ವರ್ಷ. 2014ರಲ್ಲಿ ಡೇಮಿಯನ್ ಲಿಲ್ಲಾರ್ಡ್‌ರ ಕೊನೆ ಗಳಿಗೆಯ ಎಸೆತದಿಂದ ಮೊದಲ ಸುತ್ತಿನಲ್ಲೇ ಸೋಲು, 2015ರಲ್ಲಿ ಪಶ್ಚಿಮ ವಲಯದ ಫೈನಲ್, ಅಲ್ಲಿ ವಾರಿಯರ್ಸ್ ಎದುರು 4-1ರ ಸೋಲು. ಹಾರ್ಡನ್ ಜೊತೆಯೂ ಹೊಂದಿಕೆ ಆಗಲಿಲ್ಲ. ನೋಡಿ, ತೊಂದರೆ ಕೋಬಿಯದಲ್ಲ ಎಂದು ಒಂದು ಪಕ್ಷ ಅಂದಿತು. ಇತ್ತ ಲೇಕರ್ಸ್ ಮೂರು ವರ್ಷಗಳಲ್ಲಿ ಗೆದ್ದದ್ದು 27, 21, 17 ಪಂದ್ಯ. ಕೋಬಿ ಇರುವ ತಂಡಕ್ಕೆ ಯಾರೂ ಬರುವುದಿಲ್ಲ ಎಂದು ಇನ್ನೊಂದು ಪಕ್ಷ ಅಂದಿತು. 2015ರಲ್ಲಿ ಲಮಾರ್ಕಸ್ ಆಲ್ಡ್ರಿಜ್‌ರನ್ನು ಕರೆಯಲು ಹೋದಾಗಲೂ ಕೋಬಿ ಸಭೆಯಲ್ಲಿದ್ದರು. ಲೇಕರ್ಸ್‌ನವರು ಆಟದ ಬಗ್ಗೆ ಕಡಿಮೆ, ಊರು ಮತ್ತು ವ್ಯಾಪಾರದ ಅವಕಾಶಗಳ ಬಗ್ಗೆ ಹೆಚ್ಚು ಮಾತಾಡಿದ್ದರಿಂದ ಆಲ್ಡ್ರಿಜ್‌ಗೆ ಬೇಸರವಾಯಿತೆಂದು ಆಗ ವರದಿಯಾಯಿತು. ತಂಡ ಎರಡನೇ ಸಲ ಹೋಗಿ ಕೂತರೂ ಅವರು ಸ್ಪರ್ಸ್ ಸೇರಿದರು. ಈ ಸಂಗತಿ ನನ್ನ ತಕ್ಕಡಿಯಲ್ಲಿ ಭಾರವಾದದ್ದು. ಎರಡು ವರ್ಷದ ಅಂತರದಲ್ಲಿ ಎರಡು ಸಲ ಸೋತದ್ದು ಒಬ್ಬರ ನಾಲಿಗೆ ಎನ್ನುವುದಕ್ಕಿಂತ, ಆಟದ ಯೋಜನೆಯೇ ಇಲ್ಲದೆ ಹೆಸರನ್ನು ಮುಂದಿಟ್ಟು ಹೋದ ಆಡಳಿತ ಎನ್ನುವುದು ಹೆಚ್ಚು ಸರಿ.

2019ರ ಬೇಸಿಗೆಯಲ್ಲಿ 33ರ ಹೋವರ್ಡ್ ಸಂಬಳದ ಖಾತರಿಯೂ ಇಲ್ಲದ ಕರಾರಿನ ಮೇಲೆ ಲೇಕರ್ಸ್‌ಗೆ ಮರಳಿದರು. ಬೆಂಚಿನಿಂದ ಎದ್ದು ಬಂದು ಆಡುವ ಪಾತ್ರ ಒಪ್ಪಿಕೊಂಡರು. 2020ರ ಜನವರಿ 26ರಂದು ಕೋಬಿ ಮತ್ತು ಅವರ ಮಗಳು ಜಿಯಾನಾ ಸೇರಿ ಒಂಬತ್ತು ಮಂದಿ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡರು. ಅಕ್ಟೋಬರ್‌ನಲ್ಲಿ ಲೇಕರ್ಸ್ ಪ್ರಶಸ್ತಿ ಗೆದ್ದಾಗ ಹೋವರ್ಡ್‌ರ ಮೊದಲ ಚಾಂಪಿಯನ್‌ಶಿಪ್ ಅದೇ ಹಳದಿ ಅಂಗಿಯ ತಂಡದಲ್ಲೇ ಬಂತು. ಕೋಬಿ ಅಂದು ಹೇಳಿದ್ದೇ ನಿಜವಾಯಿತು ಎಂದು ಇದನ್ನು ಸಾಕ್ಷಿಯಾಗಿ ತರುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆರು ವರ್ಷ, ಹಲವು ತಂಡ, ಇನ್ನೊಂದು ಬೆನ್ನಿನ ಶಸ್ತ್ರಚಿಕಿತ್ಸೆ ದಾಟಿ ಬಂದ ಮನುಷ್ಯ ಒಪ್ಪಿದ್ದನ್ನು 27ರ, ಉತ್ತುಂಗದಲ್ಲಿದ್ದ ತಾರೆ ಒಪ್ಪಬೇಕಿತ್ತು ಎನ್ನುವುದು ನ್ಯಾಯವಲ್ಲ.

ಕೋಬಿಯನ್ನು ಆ ಸಭೆಗೆ ಕರೆದದ್ದು ಸರಿ, ಮನಸ್ಸಿನಲ್ಲಿದ್ದದ್ದನ್ನು ಅವರು ಹೇಳಿದ್ದೂ ಸರಿ. ಜೊತೆಗಾರ ನೋವಿನಿಂದ ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಪಾಠ ಹೇಳಿದ್ದು ತಪ್ಪು, ಆ ತಪ್ಪು ಅವರದೇ. ಆದರೆ ಹೋವರ್ಡ್ ಹೋದದ್ದು ಆ ಒಂದು ಮಾತಿನಿಂದಲ್ಲ. ಕೋಚ್ ಆಯ್ಕೆಯಿಂದ ಹಿಡಿದು ಮುಂದಿನ ವರ್ಷಗಳ ಲೆಕ್ಕದವರೆಗೆ ಆಡಳಿತ ಕೊಡಬೇಕಿದ್ದ ಉತ್ತರಗಳನ್ನು ಕೊಡದೆ, ಕಾಲು ಹರಿದುಕೊಂಡಿದ್ದ ಒಬ್ಬ ಆಟಗಾರನನ್ನೂ ಊರ ತುಂಬ ಫಲಕಗಳನ್ನೂ ಮುಂದಿಟ್ಟಿತು. 2013ರ ದೂರಿನಲ್ಲಿ ದೊಡ್ಡ ಪಾಲು ಸಲ್ಲಬೇಕಾದದ್ದು ಲೇಕರ್ಸ್ ಆಡಳಿತಕ್ಕೆ.